ಜಮಖಂಡಿಯ ಸವಳು ಹೊಲ, ಹಂಗೇರಿಯ ಗೆಂಡೆ

ಜಮಖಂಡಿಗೆ ಹೋದರೆ ಎಲ್ಲರೂ ಚಿಕ್ಕಪಡಸಲಗಿಯ ಬ್ಯಾರೇಜು ತೋರಿಸುತ್ತಾರೆ. 1989ರಲ್ಲಿ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಕಟ್ಟಿದ್ದು. ನೀರೇನೋ ಬಂತು. ಆದರೆ ಕಬ್ಬಿಗೆಂದು ವರ್ಷವಿಡೀ ನೀರುಂಡ ತಗ್ಗಿನ ಹೊಲಗಳು ಈಗ ಸವಳಾಗಿ ಬಿಳೀ ಉಪ್ಪು ಉಗುಳುತ್ತವೆ.

ನಾನು ಇಳಿದುಕೊಂಡಿದ್ದ ಮನೆಯಾಕೆ ಅಂಥ ಹೊಲದಲ್ಲೇ ಹೊಂಡ ತೋಡಿಸಿದ್ದಾರೆ. "ಗೆಂಡಿ ಮೀನು ಒಂದೀಟು ಉಪ್ಪು ತಡಕೊಂತೈತ್ರಿ, ಆದ್ರ ದೊಡ್ಡದಾಗಂಗಿಲ್ರಿ" ಎಂದರು.

ನಿಜ, ಸೋದರಿಯರೇ. ನಮ್ಮ ಹಳೆಯ ಸಾಮಾನ್ಯ ಗೆಂಡೆ ಆರು ತಿಂಗಳಿಗೇ ತತ್ತಿ ಕಟ್ಟುತ್ತದೆ. ತಿಂದದ್ದೆಲ್ಲ ಅದಕ್ಕೇ ಹೋಯಿತು! ಸೀಳಿದರೆ ಒಳಗೆ ತತ್ತಿಯೇ ತತ್ತಿ. ಹೊಂಡದ ತುಂಬ ಮರಿ.

ಬೆಂಗಳೂರು ಬಳಿಯ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಹಂಗೇರಿಯಿಂದ ಅಮೂರ್ ಗೆಂಡೆ ತರಿಸಿದ್ದು ಇದಕ್ಕಾಗಿಯೇ. ಅದು ಮೊದಲು ಮೈ ಬೆಳೆಸುತ್ತದೆ, ತತ್ತಿ ಆಮೇಲೆ. ಮಳೆ ಕೈಕೊಟ್ಟು ಆರೆಂಟು ತಿಂಗಳಷ್ಟೇ ನೀರು ನಿಲ್ಲುವ ನಮ್ಮ ಕೆರೆಗಳಿಗೆ ಹೇಳಿ ಮಾಡಿಸಿದಂತಿದೆ.

ಮರಿ ಕೊಳ್ಳುವಾಗ ಮಾತ್ರ ಎಚ್ಚರ. ಎಳೆಯದರಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ನಂಬಿಕೆಯ ಕೇಂದ್ರದಿಂದಲೇ ತನ್ನಿ. ಹಳೆಯ ತಳಿಯೊಡನೆ ಬೆರೆತರೆ ಗುಣ ಕೆಟ್ಟೀತು. ಉಪ್ಪು ವಿಪರೀತವಾದರೆ ಯಾವ ಗೆಂಡೆಯೂ ಬದುಕದು.

ಆಕೆಯ ಹೊಂಡದ ನೀರು ಬಾಟಲಿ ತುಂಬಿ ಪರೀಕ್ಷೆಗೆ ಹೋಗಿದೆ.