ಸೊನ್ನೆಗೆ ಒಂಬತ್ತು ಬೈಟು

ದತ್ತಾಂಶ ತುಂಬಿಡುವ ಅವ್ರೋ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಮೊದಲ ನಾಲ್ಕು ಬೈಟು ಯಾವಾಗಲೂ ಅವೇ: ಓ, ಬಿ, ಜೆ ಎಂಬ ಮೂರು ಇಂಗ್ಲಿಷ್ ಅಕ್ಷರ, ಬೆನ್ನಿಗೊಂದು 1. ಸ್ವಲ್ಪ ಮುಂದಕ್ಕೆ ಸ್ಕೀಮಾ. ಒಳಗೆ ಯಾವುದು ಅಂಕಿ, ಯಾವುದು ಹೆಸರು, ಯಾವುದು ಖಾಲಿ ಇದ್ದರೂ ನಡೆದೀತು ಎಂಬುದೆಲ್ಲ ಅಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳಲ್ಲೇ ಇರುತ್ತದೆ. ಹಡೂಪ್ ಕಟ್ಟಿದ ಡಗ್ ಕಟಿಂಗ್ 2009ರಲ್ಲಿ ಶುರು ಮಾಡಿದ ಈ ಏರ್ಪಾಡು ನನಗೆ ಹಿಡಿಸಿದ್ದು ಅದಕ್ಕೇ. ಫೈಲು ತನ್ನ ಪರಿಚಯ ತಾನೇ ಹೇಳಿಕೊಂಡು ಬರುತ್ತದೆ. ಸಿಎಸ್‌ವಿಗೆ ಆ ಸಂಸ್ಕಾರವಿಲ್ಲ.

ಹೊಟ್ಟೆಪಾಡಿಗೆ ನಾನು ಓದುವುದು ಯಾರದೋ ಬಿಲ್ಲುಗಳನ್ನು. ಹವ್ಯಾಸಕ್ಕೆ ಓದುವುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಳೆ. 15 ನಿಮಿಷಕ್ಕೊಂದು ಅಂಕಿ ಕೊಡುವ ಒಂದು ಮಳೆಮಾಪಕದಿಂದ ವರ್ಷಕ್ಕೆ 35,040 ಸಾಲು. ಅವನ್ನೆಲ್ಲ ದತ್ತಾಂಶ ಸಂಸ್ಕರಿಸುವ ಬೀಮ್‌ಗೆ ಹಾಕಿ ಹಲವು ವರ್ಕರುಗಳಿಗೆ ಹಂಚುತ್ತೇನೆ. ಖರೇ ಹೇಳಬೇಕೆಂದರೆ ಇಷ್ಟಕ್ಕೆ ಒಂದು ಲ್ಯಾಪ್‌ಟಾಪ್ ಸಾಕು. ಹಂಚಿ ಓದುವುದು ಚಟ.

ಆ ಚಟಕ್ಕೂ ಕಾರಣವಿದೆ. ದೊಡ್ಡ ಫೈಲಿನ ನಟ್ಟನಡುವೆ ಇಳಿದ ವರ್ಕರಿಗೆ ದಾಖಲೆ ಎಲ್ಲಿ ಶುರುವಾಗುತ್ತದೆಂದು ಹೇಗೆ ತಿಳಿಯಬೇಕು? ಅವ್ರೋ ಪ್ರತಿ ಬ್ಲಾಕಿನ ಕೊನೆಗೆ 16 ಬೈಟಿನ ಗುರುತು ಇಟ್ಟಿರುತ್ತದೆ. ಸವದತ್ತಿ ರಸ್ತೆಯಲ್ಲಿ ಕತ್ತಲಲ್ಲಿ ಬಸ್ಸಿಳಿದವನು ಮುಂದಿನ ಮೈಲಿಗಲ್ಲಿನವರೆಗೆ ನಡೆದು ಅಲ್ಲಿಂದ ಲೆಕ್ಕ ಹಿಡಿದ ಹಾಗೆ, ವರ್ಕರು ಆ ಗುರುತು ಸಿಗುವ ತನಕ ಹೋಗಿ ಓದಲು ಕೂಡುತ್ತದೆ. ಹಿಂದಿನದ್ದು ಇನ್ನೊಂದರ ಪಾಲು.

ಬೈಟುಗಳನ್ನು ಕಣ್ಣಿಟ್ಟು ನೋಡುವುದೇ ಬೇರೆ ರುಚಿ. ‘ಕಿತ್ತೂರು’ ನಮಗೆ ಮೂರಕ್ಷರ. ಯೂನಿಕೋಡಿನಲ್ಲಿ ಎಂಟು ಸಂಕೇತ, ಒಂದೊಂದಕ್ಕೆ ಮೂರರಂತೆ 24 ಬೈಟು. ಅವ್ರೋ ಈ ಉದ್ದವನ್ನು ಇಮ್ಮಡಿಸಿ 48 ಎಂದು ಬರೆದಿಡುತ್ತದೆ, ಋಣಸಂಖ್ಯೆಗಳಿಗೂ ಜಾಗ ಸಿಗಲೆಂದು. ತಮಾಷೆಯೆಂದರೆ 48 ಅಕ್ಷರರೂಪದಲ್ಲಿ ‘0’. ಹಾಗಾಗಿ ಎಡಿಟರಿನ ಬಲಗಡೆ ಕಿತ್ತೂರಿನ ಮುಂದೆ ಒಂದು ಸೊನ್ನೆ ಕೂತಿರುತ್ತದೆ, ದೃಷ್ಟಿಬೊಟ್ಟಿನಂತೆ.

ನಿಜವಾದ ಸೊನ್ನೆ ಇರುವುದು ಮಳೆಯ ಕಾಲಮ್ಮಿನಲ್ಲಿ. ಒಮ್ಮೆ ಕಾಕಾ ಪಕ್ಕದಲ್ಲಿ ಬಂದು ಕೂತ. ಅವನ ಹೊಲ ರಾಮದುರ್ಗದ ಕಡೆ.

“ಮಳಿ ಲೆಕ್ಕಾ ಇಟ್ರ ಮಳಿ ಬರ್ತೈತೇನೋ ತಮ್ಮಾ? ಇಲ್ಯಾಕ ಏನೂ ಇಲ್ಲ?”

“ಅವತ್ತಿನ ಲೆಕ್ಕಾ ಸಿಕ್ಕಿಲ್ಲ ಕಾಕಾ.”

“ಹಂಗಾರ ಸೊನ್ನಿ ಹಾಕು.”

“ಹಾಕಿದ್ರ ಮಳಿ ಆಗಿಲ್ಲಂತ ಸಾಕ್ಷಿ ಹೇಳಿದಂಗ ಆತು.”

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಕೇ ಬಿಡು, ಬೆಳಿವಿಮಾ ಬರ್ತೈತಿ” ಅಂದ.

ನನ್ನ ಸ್ಕೀಮಾದಲ್ಲಿ ಮಳೆ ಎಂದರೆ ‘ನಲ್ ಅಥವಾ ಡಬಲ್’. ಲೆಕ್ಕ ಸಿಗದ ಸಾಲಿಗೆ ಅಲ್ಲಿ ಒಂದೇ ಬೈಟು. ಮಳೆಯಾಗದ ಸಾಲಿಗೆ ಒಂಬತ್ತು: ‘ಇದು ಅಂಕಿ’ ಎನ್ನಲು ಒಂದು, ಸೊನ್ನೆ ಬರೆಯಲು ಎಂಟು. ಓದಿದ್ದು ಸ್ಕಾಲಾ ಭಾಷೆಯ ಆಬ್ಜೆಕ್ಟಾಗಿ ಎದ್ದು ನಿಂತಾಗ ಆ ಖಾಲಿ ಜಾಗ ‘ಆಪ್ಷನ್’ ಆಗಿರುತ್ತದೆ. ಅದನ್ನು ಕೇಳದೆ ಕೂಡಿಸಹೋದರೆ ಕಂಪೈಲರ್ ಅಲ್ಲೇ ಕೈಹಿಡಿಯುತ್ತದೆ. ಇಷ್ಟು ಶಿಸ್ತಿನ ಗುಮಾಸ್ತ ಸಂಬಳ ಕೊಟ್ಟರೂ ಸಿಗುವುದಿಲ್ಲ.

ಖಾಲಿ ಜಾಗದ ಹಾಗೆ ಬದಲಾಗುವ ತಾಲೂಕುಗಳಿಗೂ ಸ್ಕೀಮಾದಲ್ಲಿ ದಾರಿಯಿದೆ. ಕಿತ್ತೂರು ಮೊದಲು ಬೈಲಹೊಂಗಲ ತಾಲೂಕಿನೊಳಗಿತ್ತು, ಈಗ ಅದೇ ಒಂದು ತಾಲೂಕು. ಯರಗಟ್ಟಿ ಸವದತ್ತಿಯಿಂದ ಬೇರೆಯಾಯಿತು. ಆದರೆ ಹಳೆಯ ಫೈಲನ್ನು ತಿದ್ದುವ ಹಾಗಿಲ್ಲ, ತಿದ್ದಲೂ ಬಾರದು. ಬರೆದವರ ಸ್ಕೀಮಾ ಫೈಲಿನಲ್ಲೇ ಉಳಿಯುತ್ತದೆ, ಓದುವವನು ತನ್ನದನ್ನು ಕೊಡುತ್ತಾನೆ. ಎರಡನ್ನೂ ಹೊಂದಿಸುವುದು ಅವ್ರೋ ಕೆಲಸ. ‘ಈಗಿನ ತಾಲೂಕು’ ಎಂಬ ಹೊಸ ಫೀಲ್ಡಿಗೆ ಒಂದು ಡಿಫಾಲ್ಟ್ ಬರೆದರಾಯಿತು, ಹಳೆಯ ದಾಖಲೆಯೂ ಹೊಸ ಆಬ್ಜೆಕ್ಟಾಗಿ ಇಳಿಯುತ್ತದೆ.

2019ರ ಆಗಸ್ಟಿನ ದಾಖಲೆಗಳೇ ಬೇರೆ ಪೇಚು. ಆಗ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿತ್ತು. ರಾಮದುರ್ಗ ಮುಳುಗಲು ರಾಮದುರ್ಗದಲ್ಲೇ ಮಳೆಯಾಗಬೇಕೆಂದಿಲ್ಲ, ನದಿ ಹುಟ್ಟುವ ಕಣಕುಂಬಿಯ ಕಡೆ ಸುರಿದರೂ ಸಾಕು. ಅದಕ್ಕೇ ಈಗ ಅದೇ ನದಿಯ ನವಿಲುತೀರ್ಥ ಅಣೆಕಟ್ಟಿನ ಹೊರಹರಿವಿಗೂ ಒಂದು ಫೀಲ್ಡ್ ಸೇರಿಸುತ್ತಿದ್ದೇನೆ. ಡಿಫಾಲ್ಟ್ ನಲ್. ಕಾಕಾ ಏನೇ ಹೇಳಲಿ.