ಮನೆಯೊಳಗೇ ಉಳಿದ ಬೀಗದಕೈ

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯುವಂತೆ ಕನ್ನಡ ಪಂಡಿತರು ಮಕ್ಕಳಿಗೆ ಹೇಳುತ್ತಿದ್ದುದನ್ನು ಪಕ್ಕದ ಕೊಠಡಿಯಿಂದ ಎಷ್ಟೋ ಸಲ ಕೇಳಿದ್ದೇನೆ. ವಿಜ್ಞಾನದ ಮೇಷ್ಟ್ರಾದ ನನಗೆ ಅದರ ಅರ್ಥ ಮನದಟ್ಟಾದದ್ದು ಮಾತ್ರ ಕಳೆದ ತಿಂಗಳು.

2015ರಲ್ಲಿ ಮಗ ಕೊಡಿಸಿದ ಲ್ಯಾಪ್‌ಟಾಪ್ ಒಂದು ಸಂಜೆ ಏಳಲೊಲ್ಲದಾಯಿತು. ತಯಾರಕರ ಚಿಹ್ನೆ ಮೂಡುವುದು, ಪರದೆ ನೀಲಿಯಾಗುವುದು, ಮತ್ತೆ ಮೊದಲಿನಿಂದ ಶುರು. ಅದರಲ್ಲಿ ನನ್ನ ಬರಹಗಳಿದ್ದವು, ಶಾಲೆಯ ಚಿತ್ರಗಳಿದ್ದವು. ಅವೆಲ್ಲಕ್ಕಿಂತ ಮಿಗಿಲಾಗಿ ಅಕ್ಕನ ಹಾಡುಗಳಿದ್ದವು. 2016ರ ದೀಪಾವಳಿಗೆ ಬಂದಾಗ ಅವಳು ಜಗಲಿಯಲ್ಲಿ ಕುಳಿತು ಬೀಸುವ ಪದ, ಹಸೆ ಹಾಡು, ಆರತಿ ಹಾಡು ಎಂದು ಒಟ್ಟು 23 ಹಾಡುಗಳನ್ನು ಹಾಡಿದ್ದಳು. ಮೊಬೈಲಿನಲ್ಲಿ ಮುದ್ರಿಸಿಕೊಂಡು ಲ್ಯಾಪ್‌ಟಾಪಿಗೆ ಹಾಕಿದೆ. ಮೊಬೈಲಿನಲ್ಲಿ ಜಾಗ ಸಾಲದೆಂದು ಅಲ್ಲಿಂದ ಅಳಿಸಿದೆ. 2021ರಲ್ಲಿ ಅಕ್ಕ ತೀರಿಕೊಂಡಳು.

ಮಗ ಫೋನಿನಲ್ಲಿ ರಿಕವರಿ ಮೋಡಿಗೆ ಹೋಗುವ ದಾರಿಗಳನ್ನು ಹೇಳಿದ. ಶಿಫ್ಟ್ ಕೀಲಿ ಒತ್ತಿಕೊಂಡು ರೀಸ್ಟಾರ್ಟ್ ಆಯ್ದುಕೊಳ್ಳುವುದು ಒಂದು. ಅದಕ್ಕೆ ವಿಂಡೋಸ್‌ ತೆರೆದುಕೊಳ್ಳಬೇಕಲ್ಲ! ನನಗೆ ಗೊತ್ತಿದ್ದ ಎಫ್8 ಕೀಲಿಯ ಉಪಾಯ 2012ರಲ್ಲಿ ಬಂದ ವಿಂಡೋಸ್ 8ರ ಕಾಲಕ್ಕೇ ಹಿಂದೆ ಸರಿದಿತ್ತು. ಕೊನೆಯ ದಾರಿ, ಏಳುವ ಹೊತ್ತಿಗೆ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸುವುದು. ಹೀಗೆ ಎರಡು ಬಾರಿ ಏಳುವುದು ತಪ್ಪಿದರೆ, ಮೂರನೆಯ ಬಾರಿ ಯಂತ್ರ ತಾನೇ ದುರಸ್ತಿಗೆ ಇಳಿಯಬೇಕು. ಇಳಿಯಿತು ಕೂಡ. "ದುರಸ್ತಿಗೆ ಸಿದ್ಧವಾಗುತ್ತಿದೆ" ಎಂಬ ಅರ್ಥದ ಸಾಲು ಕಂಡಿತು. ಅನಂತರ ಬರೀ ಕಪ್ಪು ಪರದೆ. ಆ ರಾತ್ರಿ ಹನ್ನೆರಡರವರೆಗೆ ಹದಿನೈದಿಪ್ಪತ್ತು ಸಲ ಇದನ್ನೇ ಮಾಡಿದೆ. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು.

ಬೆಳಿಗ್ಗೆ ಬಸ್ಸು ಹತ್ತಿ ತಾಲ್ಲೂಕು ಪೇಟೆಗೆ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವನು ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಕಷ್ಟಪಟ್ಟು ಪಾಸಾದವನು.

"ಸರ್, ನಿಮಗೆ ಬೇಕಾದದ್ದು ಯಂತ್ರವೋ, ಅದರೊಳಗಿರುವುದೋ?" ಎಂದು ಕೇಳಿದ.

"ಒಳಗಿರುವುದು ಕಣಯ್ಯಾ."

"ಹಾಗಾದರೆ ಇನ್ನು ಆನ್ ಮಾಡಬೇಡಿ. ಡಿಸ್ಕು ಸಾಯುತ್ತಿದೆ. ಪ್ರತಿ ಸಲ ಎಬ್ಬಿಸಿದಾಗಲೂ ಅದಕ್ಕೆ ಇನ್ನಷ್ಟು ಪೆಟ್ಟು."

ರಿಕವರಿ ಮೋಡ್ ಯಾಕೆ ಬರಲಿಲ್ಲವೆಂದು ಅವನು ಬಿಡಿಸಿ ಹೇಳಿದ. ದುರಸ್ತಿಯ ತಂತ್ರಾಂಶ ಇರುವುದು ಅದೇ ಡಿಸ್ಕಿನ ಇನ್ನೊಂದು ಸಣ್ಣ ಭಾಗದಲ್ಲಿ. ಡಿಸ್ಕೇ ಕೆಟ್ಟರೆ ಅದೂ ಕೈಕೊಡುತ್ತದೆ. ಬೀಗದ ಎರಡನೆಯ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತೆ! ಆದ್ದರಿಂದ ಹೊರಗಿನಿಂದ ಇನ್ನೊಂದು ಕೈ ತರಬೇಕು. ಅವನು ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಚುಚ್ಚಿ, ಯಂತ್ರವನ್ನು ಅದರಿಂದಲೇ ಎಬ್ಬಿಸಿದ. ನನ್ನ ಡಿಸ್ಕು ಗೂಢಲಿಪೀಕರಣಗೊಂಡಿರಲಿಲ್ಲವಾದ್ದರಿಂದ ಕಡತಗಳು ಕಾಣಿಸಿದವು. ಬಿಟ್‌ಲಾಕರ್ ಇದ್ದಿದ್ದರೆ 48 ಅಂಕೆಗಳ ಕೀಲಿ ಕೇಳುತ್ತಿತ್ತಂತೆ. ನಿಮ್ಮ ಯಂತ್ರದಲ್ಲಿ ಅದಿದ್ದರೆ ಆ ಅಂಕೆಗಳನ್ನು ಇಂದೇ ಕಾಗದದಲ್ಲಿ ಬರೆದಿಡಿ.

"ಎಲ್ಲಕ್ಕಿಂತ ಮುಖ್ಯವಾದ ಫೋಲ್ಡರ್ ಮೊದಲು ಹೇಳಿ ಸರ್. ಅರ್ಧದಲ್ಲೇ ನಿಂತುಹೋಗಬಹುದು."

ನನ್ನ ಇಷ್ಟು ವರ್ಷಗಳ ಬರಹಗಳನ್ನು ಬದಿಗಿಟ್ಟು "ಅಕ್ಕ" ಎಂಬ ಫೋಲ್ಡರ್ ತೋರಿಸಿದೆ. ಅವು ಹೊರಗಿನ ಡಿಸ್ಕಿಗೆ ಇಳಿಯಲು ಎರಡು ಗಂಟೆ ಹಿಡಿಯಿತು. 21 ಹಾಡುಗಳು ಪೂರ್ತಿ ಬಂದವು. ಒಂದು ಅರ್ಧಕ್ಕೆ ಕಡಿಯಿತು. ಮತ್ತೊಂದು, ಅಮ್ಮನಿಂದ ಕಲಿತದ್ದೆಂದು ಅಕ್ಕ ಹೇಳಿ ಹಾಡಿದ ಬೀಸುವ ಪದ, ಬರಲೇ ಇಲ್ಲ. ಬರಹಗಳೂ ಚಿತ್ರಗಳೂ ಬಹುಪಾಲು ಸಿಕ್ಕವು.

ಆ ರಾತ್ರಿ ನಾನು ಹಟ ಹಿಡಿದು ಗುಂಡಿ ಒತ್ತದಿದ್ದರೆ ಆ ಪದವೂ ಬರುತ್ತಿತ್ತೇ ಎಂದು ಕೇಳಿದೆ. ಅವನು ಉತ್ತರ ಕೊಡದೆ ಚಹಾ ತರಿಸಿದ.

ಹಳೆಯ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿದ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಷರತ್ತುಗಳಿಗೆ ನನ್ನ ಹಳೆಯ ಯಂತ್ರ ಹೊಂದುವುದಿಲ್ಲ. ಹೀಗಾಗಿ ಲಿನಕ್ಸನ್ನೇ ಹಾಕಿಕೊಟ್ಟ. ಬಿಡಿಭಾಗದ ಬೆಲೆಯ ಮೇಲೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಹೊರಡುವಾಗ, "ಮೂರು ಪ್ರತಿ ಇರಲಿ ಸರ್. ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ" ಎಂದ. ಪರೀಕ್ಷೆಗೆ ಎರಡು ಪೆನ್ನು ತನ್ನಿ ಎಂದು ವರ್ಷವರ್ಷವೂ ಹೇಳುತ್ತಿದ್ದ ನಾನು ತಲೆಯಾಡಿಸಿದೆ.

ಬಂಧುಗಳಲ್ಲಿ ಒಂದು ವಿನಂತಿ. 2017ರಲ್ಲಿ ಮನೆಯ ಮದುವೆಗೆ ಬಂದಿದ್ದ ನಿಮ್ಮಲ್ಲಿ ಕೆಲವರು ಈ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋಗಿದ್ದಿರಿ. ಯಾರು ಯಾರೆಂಬುದು ಈಗ ನನಗೆ ನೆನಪಿಲ್ಲ. ದಯವಿಟ್ಟು ಮೇಜಿನ ಖಾನೆಗಳನ್ನು ಒಮ್ಮೆ ಹುಡುಕಿ. ಸಿಕ್ಕರೆ ಮೊದಲು ಒಂದು ಪ್ರತಿ ಮಾಡಿಟ್ಟುಕೊಳ್ಳಿ; ಆಮೇಲೆ ನನಗೆ ಕಳುಹಿಸಿ.