ಕೋಡ್ ಇದ್ದಲ್ಲೇ ಅದರ ಕತೆಯೂ ಇರಲಿ

ಡಾಕ್ಯುಮೆಂಟೇಶನ್ ಅಂದ್ರೆ ಏನು ಅಂತ ನಮ್ಮ ಹಾಸ್ಟೆಲ್ಲಿನಲ್ಲಿ ಯಾರನ್ನಾದರೂ ಕೇಳಿ ನೋಡಿ. "ಕಡೀ ವರ್ಷ ಬೈಂಡಿಂಗ್ ಮಾಡಸ್ತಾರಲ್ಲ, ಅದು" ಅಂತಾರೆ. ಬಂಗಾರದ ಬಣ್ಣದ ಅಕ್ಷರ ಹೊತ್ತ ಆ ದಪ್ಪ ಪುಸ್ತಕ ವೈವಾ ಮುಗಿದ ಮೇಲೆ ಕಪಾಟು ಸೇರುತ್ತದೆ. ಕೋಡ್ ಮಾತ್ರ ಗಿಟ್‌ಹಬ್‌ನಲ್ಲಿ ಉಳಿದು ಮುಂದಿನ ಬ್ಯಾಚಿನ ಕೈಗೆ ಬರುತ್ತದೆ. ಹೀಗೆ ಎರಡೂ ಬೇರೆಯಾದರೆ ಏನಾಗುತ್ತದೆ ಅನ್ನೋದು ಈ ವರ್ಷ ನಮ್ಮ ತಂಡಕ್ಕೆ ಗೊತ್ತಾಯಿತು.

ನಾವು ನಾಲ್ಕು ಮಂದಿ. ಒಬ್ಬ ಬಾದಾಮಿಯವ, ಒಬ್ಬಾಕಿ ಹುನಗುಂದದಾಕಿ, ಇನ್ನೊಬ್ಬ ಇಲ್ಲೇ ಬಾಗಲಕೋಟೆ ನವನಗರದವ. ನಮ್ಮ ಮನೆ ಇಳಕಲ್ಲಿನಲ್ಲಿ. ಸೀನಿಯರ್‌ಗಳು ಬಿಟ್ಟುಹೋದ ಒಂದು ಪ್ರಾಜೆಕ್ಟನ್ನು ಮುಂದುವರಿಸಲು ತಗೊಂಡೆವು. ಇಳಕಲ್ ಸೀರೆ ನೇಯುವವರಿಗೆ ನೂಲಿನ ಲೆಕ್ಕ ಹಾಕಿಕೊಡುವ ಸಣ್ಣ ತಂತ್ರಾಂಶ ಅದು. ಸೀರೆ 6 ಗಜವೋ, 8 ಗಜವೋ, 9 ಗಜವೋ ಹೇಳಿದರೆ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಡುವ ನೂಲು, ಎಷ್ಟು ಬೇಕು ಅಂತ ಹೇಳುತ್ತದೆ.

ಕೋಡಿನಲ್ಲಿ ಒಂದು ಸಾಲು ನಮ್ಮನ್ನು ಕಾಡಿತು. ಪ್ರತಿ ಸೀರೆಯ ಲೆಕ್ಕಕ್ಕೂ ಒಂದಿಷ್ಟು ಹೆಚ್ಚುವರಿ ಉದ್ದ ಸೇರಿಸುತ್ತಿತ್ತು. ಯಾಕೆ? ಕಾಮೆಂಟ್ ಇಲ್ಲ. ಕಮಿಟ್ ಸಂದೇಶ ನೋಡಿದರೆ "ಫಿಕ್ಸ್ಡ್" ಅಂತಷ್ಟೇ. ವರ್ಡ್ ಕಡತ ವಾಟ್ಸಾಪ್ ಗುಂಪಿನಲ್ಲಿ ಮೂರು ರೂಪದಲ್ಲಿ ಸಿಕ್ಕಿತು, ಮೂರಕ್ಕೂ ಹೆಸರು "ಫೈನಲ್". ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಸೀನಿಯರ್ ಅಣ್ಣನಿಗೆ ಫೋನ್ ಹಚ್ಚಿದರೆ, "ನೆನಪಿಲ್ಲೋ, ಯಾರೋ ಹೇಳಿದ್ರು, ಹಾಕಿದ್ವಿ" ಅಂದ.

ಕಡೆಗೆ ಇಳಕಲ್ಲಿನಲ್ಲಿ ಮಗ್ಗ ಇಟ್ಟುಕೊಂಡಿರುವ ನಮ್ಮ ಸೋದರಮಾವನನ್ನು ಕೇಳಿದೆವು. "ಸೆರಗಿನ ಹಾಸು ಬ್ಯಾರೆ, ಮೈ ಹಾಸು ಬ್ಯಾರೆ. ಎರಡನ್ನೂ ಕುಣಿಕಿ ಹಾಕಿ ಕೂಡಸ್ತೀವಿ. ಆ ಕುಣಿಕ್ಯಾಗ ಹೋಗೋ ನೂಲದು. ಸೀರಿಗೊಮ್ಮೆ ಹೋಗಾಕs ಬೇಕು. ಅದನ್ನ ತಗದ್ರ ಸೀರಿ ಗಿಡ್ಡ ಆಗತೈತಿ ನೋಡಪಾ" ಅಂದರು. ಅರ್ಧ ನಿಮಿಷದ ಮಾತು. ಆದರೆ ಆ ಸಾಲು ಬೇಡ ಅಂತ ಮುಂದಿನ ಬ್ಯಾಚಿನವರು ಅಳಿಸಿದ್ದರೆ ನಷ್ಟ ಆಗುತ್ತಿದ್ದದ್ದು ಮಾರ್ಕ್ಸಿನಲ್ಲಿ ಅಲ್ಲ, ದಿನಗಟ್ಟಲೆ ಕೂತು ನೇಯ್ದವರ ಕೂಲಿಯಲ್ಲಿ.

ಈ ಮಾತನ್ನು ಎಲ್ಲಿ ಬರೆದಿಡೋದು? ಗಿಟ್‌ಹಬ್ ಪ್ರತಿ ಪ್ರಾಜೆಕ್ಟಿಗೂ ಒಂದು ವಿಕಿ ಕೊಡುತ್ತದೆ. ಆದರೆ ಅದು ಒಳಗೊಳಗೇ ಬೇರೆ ಗಿಟ್ ಭಂಡಾರ. ಕೋಡನ್ನು ಕ್ಲೋನ್ ಮಾಡಿದವರಿಗೆ ವಿಕಿ ತಾನಾಗಿ ಬರುವುದಿಲ್ಲ. ಮತ್ತೆ ಅದೇ ಕತೆ! ಹಾಗಾಗಿ ಕೋಡಿನ ಪಕ್ಕದಲ್ಲೇ ಒಂದು ಫೋಲ್ಡರ್ ಮಾಡಿ, ವಿಕಿ ಮಾರ್ಕಪ್‌ನಲ್ಲಿ, ಕನ್ನಡದಲ್ಲಿ ಬರೆದೆವು.

ವಿಕಿ ಮಾರ್ಕಪ್ಪೇ ಯಾಕೆ ಅಂದ್ರೆ, ನಮ್ಮಲ್ಲಿ ಇಬ್ಬರು ಕನ್ನಡ ವಿಕಿಪೀಡಿಯದಲ್ಲಿ ಪುಟ ತಿದ್ದಿದವರು. == ಹಾಕಿದರೆ ತಲೆಬರಹ, * ಹಾಕಿದರೆ ಪಟ್ಟಿ ಅನ್ನೋದು ಅವರಿಗೆ ಬಾಯಿಪಾಠ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ಶುರುಮಾಡಿದ್ದೇ ಯಾರು ಬೇಕಾದರೂ ಬೇಗ ಬರೆಯಲಿ ಅಂತ. ಹವಾಯಿ ಭಾಷೆಯಲ್ಲಿ 'ವಿಕಿ' ಅಂದರೆ ಬೇಗ. ನಿಮಗೆ 2004ರಲ್ಲಿ ಬಂದ ಮಾರ್ಕ್‌ಡೌನ್ ರೂಢಿಯಾಗಿದ್ದರೆ ಅದರಲ್ಲೇ ಬರೆಯಿರಿ. ಗಿಟ್‌ಹಬ್ ಎರಡನ್ನೂ ಚೆಂದಾಗಿ ತೋರಿಸುತ್ತದೆ. ಮುಖ್ಯ ಏನಪ್ಪಾ ಅಂದ್ರೆ ಎರಡೂ ಬರೀ ಪಠ್ಯ. ವರ್ಡ್ ಕಡತ ಬದಲಾದರೆ ಗಿಟ್ "ಬೈನರಿ ಕಡತ ಬೇರೆಯಾಗಿದೆ" ಅಂತ ಕೈಚೆಲ್ಲುತ್ತದೆ. ಪಠ್ಯವಾದರೆ ಯಾವ ಸಾಲು ಹೋಯಿತು, ಯಾವುದು ಬಂತು, ಯಾರು, ಯಾವತ್ತು ಬದಲಿಸಿದರು, ಎಲ್ಲಾ ತೋರಿಸುತ್ತದೆ.

ವಿಕಿಯಲ್ಲಿ [[ ]] ಹಾಕಿ ಒಂದು ಪುಟವನ್ನು ಇನ್ನೊಂದಕ್ಕೆ ಜೋಡಿಸುವುದಕ್ಕೆ ಕನ್ನಡದಲ್ಲಿ ಕೊಂಡಿ ಅಂತೀವಿ. ಇಳಕಲ್ ಮಗ್ಗದಲ್ಲೂ ಕೊಂಡಿ ಐತಿ. ಮೂರು ಲಾಳಿ ಆಡಿಸಿ, ದಡಿಯ ಹೊಕ್ಕು ಮತ್ತು ಮೈಯ ಹೊಕ್ಕು ಒಂದನ್ನೊಂದು ಹಿಡಿಯುವಂತೆ ನೇಯುವುದು. ಕೊಂಡಿ ಬೀಳದಿದ್ದರೆ ದಡಿ ಒಂದು ಕಡೆ, ಮೈ ಒಂದು ಕಡೆ. ಕೋಡಿಗೂ ಅದರ ವಿವರಣೆಗೂ ಇದೇ ಮಾತು. ಅದಕ್ಕೇ ನಾವೊಂದು ನಿಯಮ ಮಾಡಿಕೊಂಡೆವು: ಲೆಕ್ಕ ಬದಲಾದರೆ ಅದೇ ಕಮಿಟ್‌ನಲ್ಲಿ ವಿವರಣೆಯೂ ಬದಲಾಗಬೇಕು, ಇಲ್ಲದಿದ್ದರೆ ಮರ್ಜ್ ಇಲ್ಲ.

ಇದನ್ನು ಕೇಳಿ ಹುನಗುಂದದ ಗೆಳತಿ, "ನಮ್ಮ ಐಹೊಳ್ಯಾಗ ಇದನ್ನ ಎಂದೋ ಮಾಡ್ಯಾರ" ಅಂದಳು. ಸುಳ್ಳಲ್ಲ. ಮೇಗುತಿ ಗುಡಿಯನ್ನು ಕಟ್ಟಿಸಿದವರು ಯಾರು, ಯಾವಾಗ ಅಂತ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನ ಆ ಗುಡಿಯ ಗೋಡೆಯಲ್ಲೇ ಇದೆ. ಹೆಸರು, ಕಾಲ, ಕಾರಣ. ಒಳ್ಳೆಯ ಕಮಿಟ್‌ಗೆ ಇನ್ನೇನು ಬೇಕು?

ಕನ್ನಡದಲ್ಲಿ ಬರೆಯುವವರಿಗೆ ಎರಡು ಕಿವಿಮಾತು. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಸ್ಟೇಟಸ್ ಅದನ್ನು ಬರೀ ಅಂಕಿಗಳಾಗಿ ತೋರಿಸುತ್ತದೆ. ಗಾಬರಿ ಬೇಡ, ಗಿಟ್ ಕಾನ್ಫಿಗ್‌ನಲ್ಲಿ 'ಕೋರ್.ಕೋಟ್‌ಪಾತ್' ಅನ್ನು 'ಫಾಲ್ಸ್' ಮಾಡಿ, ಅಕ್ಷರ ಕಾಣುತ್ತವೆ. ಎರಡನೆಯದು, ಒಂದು ಸಾಲಿಗೆ ಒಂದೇ ವಾಕ್ಯ ಬರೆಯಿರಿ. ಆಗ ಒಂದು ಪದ ತಿದ್ದಿದರೆ ಇಡೀ ಪ್ಯಾರಾ ಕೆಂಪು ಹಸಿರು ಆಗುವುದಿಲ್ಲ.

ಕನ್ನಡದಲ್ಲಿ ಬರೆದಿದ್ದರ ದೊಡ್ಡ ಲಾಭ ಆಮೇಲೆ ತಿಳಿಯಿತು. ಮಾವ ಮೊಬೈಲಿನಲ್ಲಿ ತಾವೇ ಓದಿದರು. ಬಾದಾಮಿಯ ಗೆಳೆಯ ಬರೆದ 'ವಾರ್ಪ್' ನೋಡಿ, "ಇದೇನಿದು? ಹಾಸು ಅನ್ರಿ" ಅಂದರು. ಈಗ ಭಂಡಾರದ ಇತಿಹಾಸದಲ್ಲಿ ಒಂದು ಕಮಿಟ್ ಇದೆ. ಅದರ ಸಂದೇಶದಲ್ಲಿ ಮಾವನ ಹೆಸರಿದೆ, ಯಾವ ಪದ, ಯಾಕೆ ಬದಲಾಯಿತು ಅಂತ ಇದೆ. ಅವರಿಗೆ ಗಿಟ್ ಗೊತ್ತಿಲ್ಲ. ಆದರೆ ಮುಂದಿನ ವರ್ಷ ಈ ಪ್ರಾಜೆಕ್ಟ್ ತಗೊಳ್ಳುವ ತಮ್ಮ ತಂಗಿಯರು ಫೋನ್ ಹಿಡಿದು ನಮ್ಮನ್ನು ಹುಡುಕಬೇಕಾಗಿಲ್ಲ. ಕ್ಲೋನ್ ಮಾಡಿದರೆ ಸಾಕು, ಮಾವನ ಮಾತೂ ಜೊತೆಗೇ ಬರುತ್ತದೆ.